ತುಕ್ಕು ಹಿಡಿದ ವಿಲ್ಲೀಸ್ ಜೀಪು: ಗುಜರಿಗೋ, ಬಿಡಿಭಾಗಕ್ಕೋ, ಹವ್ಯಾಸಿಗೋ?

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದ ಶೆಡ್ಡಿನಲ್ಲಿ ಕೆಲವು ಮಳೆಗಾಲಗಳನ್ನು ನಿಂತಲ್ಲೇ ಕಳೆದ, 1960ರ ದಶಕದ ಮಹೀಂದ್ರ ವಿಲ್ಲೀಸ್ ಸಿಜೆ-3ಬಿ ಜೀಪನ್ನು ಮಾರುವ ಹೊಣೆ ನನಗೆ ಬಂದಾಗ, ಮಲೆನಾಡಿನಲ್ಲಿ ಇರುವ ನಾಲ್ಕೂ ದಾರಿಗಳನ್ನು ವಿಚಾರಿಸಿ ನೋಡಿದೆ. ನಾಲ್ವರೂ ಬೇರೆ ಬೇರೆ ಬೆಲೆ ಹೇಳಿದರು, ಏಕೆಂದರೆ ಆ ಒಂದೇ ಜೀಪಿನಲ್ಲಿ ಒಬ್ಬೊಬ್ಬರಿಗೆ ಬೇಕಾಗಿದ್ದದ್ದು ಒಂದೊಂದು.

ಗುಜರಿಯವರ ಲೆಕ್ಕ ಸರಳ. ಜೀಪಿನ ತೂಕ ಸುಮಾರು ಒಂದು ಟನ್; ಅದರಲ್ಲಿ ಟಯರು, ಸೀಟು ಕಳೆದು ಉಳಿದದ್ದಕ್ಕೆ ಕಬ್ಬಿಣದ ದರ. ಹಣ ಅಂದೇ ಕೈಗೆ ಬರುತ್ತದೆ, ಗಾಡಿಯನ್ನೂ ಅವರೇ ಎಳೆದೊಯ್ಯುತ್ತಾರೆ. ಆದರೆ ಆರ್‌ಸಿ ರದ್ದು ಮಾಡಿಸುವುದು ಮಾಲೀಕನ ಕೆಲಸ. ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಂತೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು.

ಬಿಡಿಭಾಗಗಳಾಗಿ ಮಾರಿದರೆ ಕಾಗದದ ಮೇಲೆ ಅತಿ ಹೆಚ್ಚು ಹಣ ಬರುತ್ತದೆ. ಮೂರು ಗೇರಿನ ಟಿ-90 ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಆಕ್ಸಲ್‌ಗಳನ್ನು ಚಿಕ್ಕಮಗಳೂರಿನ ಒಬ್ಬ ಮೆಕ್ಯಾನಿಕ್ ಒಡನೆಯೇ ಕೇಳಿದರು. ಉಳಿದ ತಗಡನ್ನು ಮಾತ್ರ ಯಾರೂ ಕೇಳಲಿಲ್ಲ. ಒಳ್ಳೆಯದೆಲ್ಲ ಮೊದಲ ವಾರವೇ ಹೋಗಿ, ಬಾಡಿ ಕೊನೆಗೆ ಗುಜರಿಗೇ ಸೇರುತ್ತದೆ, ಸರಿಯಾಗಿದ್ದ ಆರ್‌ಸಿ ವ್ಯರ್ಥವಾಗುತ್ತದೆ. ದಾಖಲೆ ಕಳೆದುಹೋದ ಗಾಡಿಗಾದರೆ ನಾನೂ ಇದನ್ನೇ ಆರಿಸುತ್ತಿದ್ದೆ.

ಹಾಸನದ ಬ್ರೋಕರೊಬ್ಬರು ಗುಜರಿಗಿಂತ ಹೆಚ್ಚಿನ ದರ ಹೇಳಿ, ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ, ಕೊಳ್ಳುವವರ ಹೆಸರು ಬರೆಯದೆಯೇ, ಸಹಿ ಕೇಳಿದರು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿರುವಾಗ, ಜೀಪು ಮುಂದೆ ಯಾರ ಕೈ ಸೇರುವುದೋ ತಿಳಿಯದೆ ಖಾಲಿ ನಮೂನೆಗೆ ಸಹಿ ಹಾಕುವ ಧೈರ್ಯ ನನಗಿರಲಿಲ್ಲ.

ಉಳಿದದ್ದು, ದುರಸ್ತಿ ಮಾಡಿ ಮತ್ತೆ ಓಡಿಸುವ ಹವ್ಯಾಸಿಗಳಿಗೆ ಇಡಿಯಾಗಿ ಮಾರುವುದು. ಇದಕ್ಕೆ ತಾಳ್ಮೆ ಬೇಕು; ಫೋನ್ ಮಾಡಿದವರಲ್ಲಿ ಹೆಚ್ಚಿನವರು ಜೀಪು ನೋಡುವ ಮೊದಲೇ ‘ಲಾಸ್ಟ್ ಎಷ್ಟು ಸಾರ್?’ ಎಂದು ಕೇಳಿ ಸುಮ್ಮನಾದವರು. ಮಾರುವ ಮುನ್ನ ಪುಟ್ಟಿ ಹಚ್ಚಿ ಬಣ್ಣ ಹೊಡೆಸಿ ಎಂದು ಹಲವರು ಸಲಹೆ ಕೊಟ್ಟರೂ ನಾನು ಒಪ್ಪದೆ, ಕ್ಲಚ್ ಪೆಡಲಿನ ಕೆಳಗೆ ನೆಲ ಕಾಣುವಷ್ಟು ತೂತಾಗಿದ್ದ ಜಾಗವನ್ನೇ ಮೊದಲ ಫೋಟೋ ಆಗಿ ಹಾಕಿದೆ. ಬೆಂಗಳೂರಿನಿಂದ ಬಂದವರು ಆ ತೂತನ್ನು ನೋಡಿ ‘ಬಾಡಿ ಬಿಡಿ ಸಾರ್, ಅದು ಸಿಗುತ್ತೆ, ಆರ್‌ಸಿ ತೋರಿಸಿ’ ಎಂದರು. ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳಲ್ಲಿ ಈ ಜೀಪುಗಳಿಗೆ ಹೊಸ ಬಾಡಿಯನ್ನೇ ಕಟ್ಟಿಕೊಡುವವರಿರುವಾಗ, ನಮ್ಮನ್ನು ಹೆದರಿಸುವ ತುಕ್ಕು ಅವರನ್ನು ಅಷ್ಟಾಗಿ ಹೆದರಿಸುವುದಿಲ್ಲ. ಅವರು ಗೋಣಿಚೀಲ ಹಾಸಿ ಅಡಿಯಲ್ಲಿ ಮಲಗಿ, ಚಾಸಿಯನ್ನು, ಅಂದರೆ ಜೀಪಿನ ಅಡಿಚೌಕಟ್ಟನ್ನು, ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಹಿಂದಿನ ಸ್ಪ್ರಿಂಗ್ ಪಟ್ಟಿಯನ್ನು ಚಾಸಿಗೆ ಹಿಡಿಸುವ ಹ್ಯಾಂಗರ್ ಬಳಿ ಮಾತ್ರ ಶಬ್ದ ಮಂಕಾಯಿತು, ಅಂದರೆ ಅಲ್ಲಿ ತುಕ್ಕು ಒಳಗೇ ತಿಂದಿತ್ತು; ಅಲ್ಲಿಗೆ ಬೆಲೆಯೂ ಸ್ವಲ್ಪ ಇಳಿಯಿತು.

ಎಂಜಿನ್ ಬದಲಾಗದಿದ್ದದ್ದು ನಮ್ಮ ನೆರವಿಗೆ ಬಂತು. ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲೂ ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲೂ ಇರುವ 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್ ಎತ್ತರವಾಗಿದ್ದುದರಿಂದಲೇ ಈ ಮಾದರಿಗೆ ಎತ್ತರದ ಬಾನೆಟ್ ಬಂದದ್ದು. ತೋಟಗಳಲ್ಲಿ ಅದನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳು ಬೇಕಾದಷ್ಟಿವೆ. 2021ರ ವಿಂಟೇಜ್ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಅಂಥದ್ದನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಆ ಉದ್ದೇಶವುಳ್ಳವರು ಹೊಸ ಬಾಡಿಯ ಗೋಜಿಗೆ ಹೋಗದೆ ಹಳೆಯ ತಗಡಿಗೇ ತೇಪೆ ಹಾಕಿಸುತ್ತಾರೆ. ಅವರಿಗಂತೂ ನಾವು ಮೆತ್ತಿದ ಪುಟ್ಟಿ ತಲೆನೋವೇ ಸರಿ.

ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಮಾಡಿಸುವ ಆರ್‌ಸಿ ನವೀಕರಣದ ಅವಧಿ ನಮ್ಮ ಜೀಪಿಗೆ ಇನ್ನೂ ಉಳಿದಿತ್ತು. ಮುಗಿದಿದ್ದರೆ, ಓಡದ ಗಾಡಿಯನ್ನು ತಪಾಸಣೆಗೆ ಆರ್‌ಟಿಓವರೆಗೆ ಒಯ್ಯುವುದೇ ದೊಡ್ಡ ಕೆಲಸವಾಗಿ, ಹವ್ಯಾಸಿಯ ಬೆಲೆ ಬ್ರೋಕರಿನ ಬೆಲೆಗೆ ಇಳಿಯುತ್ತಿತ್ತು. ಕೊನೆಗೆ ಕುದುರಿದ್ದು ಗುಜರಿ ದರದ ಮೂರರಷ್ಟಕ್ಕೂ ಹೆಚ್ಚು, ಬಿಡಿಭಾಗಗಳ ಲೆಕ್ಕಕ್ಕಿಂತ ತುಸು ಕಡಿಮೆ. ಲಾರಿ ಬಾಡಿಗೆ ಕೊಂಡವರದೇ. ಅವರ ಹೆಸರು ಬರೆದು ಎರಡೂ ನಮೂನೆಗಳಿಗೆ ಸಹಿ ಮಾಡಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚಿನ ಒಂದು ಪ್ರತಿಯನ್ನು ನಾನಿಟ್ಟುಕೊಂಡ ಮೇಲೆಯೇ ಜೀಪನ್ನು ಲಾರಿಗೆ ಏರಿಸಿದೆವು.