ಫೋನಿನಲ್ಲಿ ಹೇಳಿದ್ದನ್ನು ನಂಬಿ ಬೆಂಗಳೂರಿನ ರೂಮ್ ಖಾಲಿ ಮಾಡಬೇಡಿ

ಕುಶಾಲನಗರ, ಪೊನ್ನಂಪೇಟೆಯಲ್ಲೋ ಮೈಸೂರು, ಮಂಗಳೂರಿನಲ್ಲೋ ಇಂಜಿನಿಯರಿಂಗ್ ಮುಗಿಸಿ ದೊಡ್ಡ ಸಾಫ್ಟ್‌ವೇರ್ ಕಂಪನಿಗೆ ಸೇರುತ್ತಿರುವ ಕೊಡಗಿನ ಮಕ್ಕಳು, ಅವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ.

ದಕ್ಷಿಣ ಕೊಡಗಿನ ಒಬ್ಬ ಹುಡುಗನಿಗೆ ಆದದ್ದು ಇದು. ಕಂಪನಿಯ ಹೆಸರು ಇಲ್ಲಿ ಬೇಡ. "ನೀನು ಊರಿಂದಲೇ ಕೆಲಸ ಮಾಡು, ಏನೂ ತೊಂದರೆ ಇಲ್ಲ" ಎಂದು ಮ್ಯಾನೇಜರ್ ಫೋನಿನಲ್ಲಿ ಹೇಳಿದರು. ಹುಡುಗ ಬೆಂಗಳೂರಿನ ರೂಮ್ ಬಿಟ್ಟು ತೋಟದ ಮನೆಗೆ ಬಂದ. ಜುಲೈ ಮಳೆಗೆ ಸಿಲ್ವರ್ ಮರ ಲೈನ್ ಮೇಲೆ ಬಿದ್ದು ನಾಲ್ಕು ದಿನ ಕರೆಂಟೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಆ ನಾಲ್ಕು ದಿನದ ಸಂಬಳ ಕಡಿತವಾಯಿತು. ಸ್ವಲ್ಪ ದಿನದಲ್ಲೇ ಎಲ್ಲರೂ ಆಫೀಸಿಗೆ ಬರಬೇಕೆಂಬ ಆದೇಶ ಬಂತು. ಹೊಸ ರೂಮಿಗೆ ಅಡ್ವಾನ್ಸ್ ಹೊಂದಿಸುವಷ್ಟರಲ್ಲಿ ಅವನನ್ನು ಪ್ರಾಜೆಕ್ಟ್‌ನಿಂದ ತೆಗೆದು ಬೆಂಚಿನಲ್ಲಿ, ಅಂದರೆ ಯಾವ ಪ್ರಾಜೆಕ್ಟೂ ಇಲ್ಲದೆ, ಕೂರಿಸಿದ್ದರು. ಆಮೇಲೊಂದು ದಿನ ಸಿಬ್ಬಂದಿ ನೋಡಿಕೊಳ್ಳುವ ಎಚ್‌ಆರ್ ಕರೆ: ಇವತ್ತೇ ರಾಜೀನಾಮೆ ಕೊಟ್ಟರೆ ಒಳ್ಳೆಯ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಪತ್ರ), ಇಲ್ಲವಾದರೆ ವಜಾ. ಹೆದರಿ ಒಂದು ಗಂಟೆಯೊಳಗೆ ಮೇಲ್ ಕಳಿಸಿಬಿಟ್ಟ.

ಅದೇ ಬ್ಯಾಚಿನಲ್ಲಿ ಸೇರಿದ ಇನ್ನೊಬ್ಬರನ್ನು ಕೇಳಿದರೆ ಕಂಪನಿ ಚಿನ್ನದಂಥದ್ದು ಎನ್ನುತ್ತಾರೆ. ಅದೂ ನಿಜವೇ. ಸಂಬಳ ಹೇಳಿದ ದಿನಕ್ಕೆ ಬರುತ್ತದೆ, ಪಿಎಫ್ ತಪ್ಪದೆ ಕಟ್ಟುತ್ತಾರೆ, ಅಪ್ಪ ಅಮ್ಮನಿಗೂ ಆರೋಗ್ಯ ವಿಮೆ ಸೇರಿಸಲು ಅವಕಾಶ ಇರುತ್ತದೆ, ತರಬೇತಿಯೂ ಚೆನ್ನಾಗಿರುತ್ತದೆ. ಒಂದೇ ಕಂಪನಿಯ ಬಗ್ಗೆ ಎರಡು ಮಾತು ಬರುವುದಕ್ಕೆ ಕಾರಣ ಪ್ರಾಜೆಕ್ಟ್. ಇಂಥ ಸೇವಾ ಕಂಪನಿಗಳಿಗೆ ದುಡ್ಡು ಬರುವುದೇ ಗ್ರಾಹಕರ ಪ್ರಾಜೆಕ್ಟಿಗೆ ಜನರನ್ನು ಕೊಟ್ಟು, ಅವರ ಕೆಲಸಕ್ಕೆ ಬಿಲ್ ಮಾಡಿ. ಬಿಲ್ ಆಗುತ್ತಿರುವವರೆಗೆ ನೀವು ಆದಾಯ, ಬೆಂಚಿಗೆ ಬಂದ ದಿನದಿಂದ ಖರ್ಚು. ಹೀಗಾಗಿ ಬೆಂಚಿಗೆ ಬಂದ ಮೊದಲ ವಾರದಿಂದಲೇ ಒಳಗಿನ ಖಾಲಿ ಹುದ್ದೆಗಳಿಗೆ ಅರ್ಜಿ ಹಾಕುತ್ತಾ ಹೋಗಿ. ಹಾಕಿದ ದಿನಾಂಕ, ಬಂದ ಉತ್ತರ ಬರೆದಿಟ್ಟುಕೊಳ್ಳಿ. "ಹುಡುಕುವ ಪ್ರಯತ್ನವನ್ನೇ ಮಾಡಲಿಲ್ಲ" ಎಂದು ಯಾರೂ ಹೇಳುವಂತಿರಬಾರದು.

ಮನೆಯಿಂದ ಕೆಲಸದ ಮಾತು ಬಂದಾಗ ಆಫರ್ ಲೆಟರಿನಲ್ಲಿ ಕೆಲಸದ ಸ್ಥಳದ ಸಾಲು ನೋಡಿ. ಅಗತ್ಯ ಬಿದ್ದರೆ ಯಾವ ಊರಿಗಾದರೂ ಕಳಿಸಬಹುದು ಎಂದು ಅಲ್ಲಿ ಸಾಮಾನ್ಯವಾಗಿ ಬರೆದೇ ಇರುತ್ತದೆ. ಮ್ಯಾನೇಜರ್ ಬಾಯಲ್ಲಿ ಹೇಳಿದ ಕೂಡಲೇ "ನೀವು ತಿಳಿಸಿದಂತೆ ಇಂಥ ದಿನದಿಂದ ಇಂಥ ದಿನದವರೆಗೆ ಊರಿನಿಂದ ಕೆಲಸ ಮಾಡುತ್ತೇನೆ" ಎಂದು ಮೇಲ್ ಹಾಕಿ ಒಪ್ಪಿಗೆ ತರಿಸಿಕೊಳ್ಳಿ. ಒಪ್ಪಿಗೆ ಸಿಕ್ಕರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಮನೆಯನ್ನು ನೆಚ್ಚಿಕೊಳ್ಳಬೇಡಿ. 150 ಎಎಚ್ ಇನ್ವರ್ಟರ್ ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ಮತ್ತು ಮೋಡೆಮ್ ಸೇರಿ 75 ವ್ಯಾಟ್ ಹಾಕಿದರೆ ಹೆಚ್ಚೆಂದರೆ ಒಂದು ದಿನ ಬರುತ್ತದೆ. ಕರೆಂಟ್ ಬರಲು ಆ ಹುಡುಗನಿಗಾದಂತೆ ನಾಲ್ಕು ದಿನ ಹಿಡಿಯಬಹುದು. ಟವರಿನ ಜನರೇಟರ್‌ಗೆ ಡೀಸೆಲ್ ಮುಗಿದರೆ ಮೊಬೈಲ್ ನೆಟ್ಟೂ ಇಲ್ಲ. ಕಂಪನಿಯ ಲೆಕ್ಕ ವಿಪಿಎನ್ (ಕಂಪನಿಯ ಜಾಲಕ್ಕೆ ಹೊರಗಿನಿಂದ ಸೇರುವ ವ್ಯವಸ್ಥೆ) ಲಾಗಿನ್ ಆಗಿದ್ದ ಗಂಟೆಗಳು ಮಾತ್ರ. ನೆಟ್ ಹೋದ ಗಂಟೆಯಲ್ಲೇ ಮೇಲಿನವರಿಗೆ ಮೆಸೇಜ್ ಮಾಡಿ, ವಿದ್ಯುತ್ ಕಂಪನಿ ಚೆಸ್ಕಾಂಗೆ ಕೊಟ್ಟ ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ಕೂರುವ ಒಂದು ಜಾಗ ಮೊದಲೇ ನೋಡಿಟ್ಟಿರಿ.

ಸಂಬಳದ ಲೆಕ್ಕವನ್ನೂ ಸೇರುವ ಮೊದಲೇ ಮಾಡಿ. ವರ್ಷಕ್ಕೆ 3.6 ಲಕ್ಷ ಅಂದರೆ ತಿಂಗಳಿಗೆ 30,000 ಎಂದು ಮನೆಯಲ್ಲಿ ಲೆಕ್ಕ ಹಾಕುತ್ತಾರೆ. ಬೇಸಿಕ್ (ಮೂಲ ವೇತನ) 15,000 ಇದ್ದರೆ ಆ 30,000ದೊಳಗೇ ಕಂಪನಿಯ ಪಾಲಿನ ಪಿಎಫ್ 1,800, ಗ್ರಾಚ್ಯುಟಿ (ದೀರ್ಘ ಸೇವೆಗೆ ಕೊಡುವ ಇಡುಗಂಟು) ಸುಮಾರು 722 ಸೇರಿರುತ್ತವೆ. ವಿಮೆಗೆ 500, ವೇರಿಯಬಲ್ (ಕೆಲಸ ನೋಡಿ ಕೊಡುವ, ಖಾತ್ರಿ ಇಲ್ಲದ ಪಾಲು) 3,000 ಎಂದಿಟ್ಟುಕೊಳ್ಳಿ. ಉಳಿದದ್ದು 23,978. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಹೋದರೆ ಕೈಗೆ 22,178. ವೇರಿಯಬಲ್ ಬಂದಾಗ ಬಂತು, ಅದನ್ನು ನೆಚ್ಚಿ ಸಾಲ ತೆಗೆಯಬೇಡಿ.

ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂದು ಬರೆಸಿಕೊಳ್ಳುವ ಬಾಂಡ್ ಕಾಗದ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಸೀನಿಯರ್‌ಗಳು ಧೈರ್ಯ ಹೇಳುತ್ತಾರೆ. ಹಾಗೆ ನಂಬಬೇಡಿ. ಮೂರು ವರ್ಷದ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಸಾರ್ವಜನಿಕ ವಲಯದ ಬ್ಯಾಂಕೊಂದರ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಮೊತ್ತ, ಅವಧಿ ಓದಿಯೇ ಸಹಿ ಹಾಕಿ. ಮೂಲ ಅಂಕಪಟ್ಟಿ ತೋರಿಸಿ, ಕೊಟ್ಟು ಬರಬೇಡಿ.

ಎಲ್ಲಕ್ಕಿಂತ ಮುಖ್ಯ, ರಾಜೀನಾಮೆಯ ಕರೆ. ಕರೆಯಲ್ಲೇ ಒಪ್ಪಬೇಡಿ. "ಇದನ್ನು ಮೇಲ್‌ನಲ್ಲಿ ಕಳಿಸಿ, ಓದಿ ಉತ್ತರ ಕೊಡುತ್ತೇನೆ" ಎಂದಷ್ಟೇ ಹೇಳಿ. ಒತ್ತಾಯಕ್ಕೆ ಬರೆದರೂ ಕಾಗದದ ಮೇಲೆ ಅದು ಸ್ವಇಚ್ಛೆಯ ರಾಜೀನಾಮೆ. ಕಾನೂನಿನ ಪ್ರಕಾರ ಕಾರ್ಮಿಕ ಎನಿಸಿಕೊಳ್ಳುವವರನ್ನು ಒಂದು ವರ್ಷದ ಸೇವೆಯ ನಂತರ, ದುರ್ನಡತೆಯ ಕಾರಣಕ್ಕಲ್ಲದೆ, ಕಂಪನಿಯೇ ತೆಗೆದರೆ ಒಂದು ತಿಂಗಳ ನೋಟಿಸ್, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೇಳಬಹುದು. ರಾಜೀನಾಮೆ ಕೊಟ್ಟ ಮೇಲೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಕೊಡಲೇಬೇಕಾಗಿ ಬಂದರೆ, ಕಂಪನಿ ಕೇಳಿದ್ದಕ್ಕೆ ಕೊಡುತ್ತಿದ್ದೇನೆ ಎಂಬ ಒಂದು ಸಾಲು ಅದರಲ್ಲಿರಲಿ. ನೋಟಿಸ್ ಅವಧಿಯ ಸಂಬಳದ ವಿಷಯವೂ ಬರಹದಲ್ಲಿರಲಿ.

ನೀವಾಗಿಯೇ ಬಿಡುವುದಾದರೂ ನೋಟಿಸ್ ಅವಧಿ ಅನೇಕ ಕಡೆ 90 ದಿನ. ಕಾಫಿ ಕುಯ್ಲಿಗೆಂದು ಊರಿಗೆ ಬಂದವರು ಹೇಳದೆ ಕೇಳದೆ ಉಳಿದುಬಿಟ್ಟರೆ ದಾಖಲೆಯಲ್ಲಿ ಪರಾರಿ ಎಂದಾಗುತ್ತದೆ, ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಲ್ಯಾಪ್‌ಟಾಪ್ ಹಿಂದಿರುಗಿಸಿದ್ದಕ್ಕೆ ರಶೀದಿ ಪಡೆಯಿರಿ. ಆಫೀಸಿನ ಲಾಗಿನ್ ಮುಚ್ಚುವ ಮೊದಲೇ ಎಲ್ಲ ಪೇ ಸ್ಲಿಪ್, ಫಾರ್ಮ್ 16, ಆಫರ್ ಲೆಟರ್ ಇಳಿಸಿಕೊಳ್ಳಿ. ಕಂಪನಿಯ ಕೋಡ್, ಗ್ರಾಹಕರ ಕಡತ ಮಾತ್ರ ಮುಟ್ಟಬೇಡಿ. ನಿಮ್ಮ ಪಿಎಫ್ ಗುರುತಿನ ಸಂಖ್ಯೆಯಾದ ಯುಎಎನ್‌ಗೆ ನಿಮ್ಮದೇ ಮೊಬೈಲ್ ನಂಬರ್ ಇದೆಯೇ ನೋಡಿ. ನೀವು ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಹಾಕದಿದ್ದರೆ, ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲಿನಲ್ಲಿ ಅದನ್ನು ನೀವೇ ನಮೂದಿಸಬಹುದು.