ಮೌಸ್ ಇಲ್ಲದ ದಂಡನಾಯಕ: ಟಿವಿ ಮುಂದೆ ಸ್ಟ್ರಾಟಜಿ ಆಟಗಳು

ಸೈನ್ಯ, ಊರು, ಸಾಮ್ರಾಜ್ಯ ನಡೆಸುವ ಸ್ಟ್ರಾಟಜಿ ಆಟಕ್ಕೆ ಕಂಪ್ಯೂಟರೇ ಬೇಕು ಅನ್ನುವವರು ಒಂದು ಕಡೆ. ಈಗ ಎಲ್ಲ ಆಟಗಳೂ ಕನ್ಸೋಲ್‌ಗೆ ಬಂದಿವೆಯಲ್ಲ, ಸೋಫಾದಲ್ಲಿ ಕಾಲು ಚಾಚಿ ಆಡಬಹುದು ಅನ್ನುವವರು ಇನ್ನೊಂದು ಕಡೆ. ಒಂದೇ ಆಟವನ್ನು ಎರಡೂ ಕಡೆ ಆಡಿ ನೋಡದೆ ಇದು ಬಗೆಹರಿಯುವ ಜಗಳವಲ್ಲ. ಲ್ಯಾಪ್‌ಟಾಪ್‌ನಲ್ಲಿ ಮೌಸ್ ಹಿಡಿದು ಆಡಿದ್ದೇನೆ, ಟಿವಿಗೆ ಜೋಡಿಸಿದ ಎಕ್ಸ್‌ಬಾಕ್ಸ್‌ನಲ್ಲಿ ಕಂಟ್ರೋಲರ್ ಹಿಡಿದು ಆಡಿದ್ದೇನೆ, ಬಸ್ಸಿನಲ್ಲಿ ಕೂತು ನಿಂಟೆಂಡೊ ಸ್ವಿಚ್‌ನಲ್ಲೂ ಆಡಿದ್ದೇನೆ. ನನಗೆ ಕಂಡ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನೀವು ಯೋಚಿಸಿ ಮುಗಿಸುವವರೆಗೆ ಆಟ ನಿಮಗಾಗಿ ಕಾಯುತ್ತದೋ ಇಲ್ಲವೋ?

ಕಾಯುವ ಆಟಗಳಲ್ಲಿ ಕನ್ಸೋಲ್ ಏನೂ ಕಡಿಮೆಯಿಲ್ಲ. ಅನ್ಯಗ್ರಹದವರ ವಿರುದ್ಧ ಸರದಿಯಂತೆ ಕಾದಾಡುವ ಎಕ್ಸ್‌ಕಾಮ್ ವಿಷಯದಲ್ಲಂತೂ ನಾನು ಟಿವಿಯ ಪರ. 2012ರಲ್ಲಿ ಫಿರಾಕ್ಸಿಸ್ ಸಂಸ್ಥೆ ಹೊರತಂದ ಎಕ್ಸ್‌ಕಾಮ್: ಎನಿಮಿ ಅನ್‌ನೋನ್ ಕಂಪ್ಯೂಟರ್‌ಗೂ ಕನ್ಸೋಲ್‌ಗೂ ಒಟ್ಟಿಗೇ ಬಂದ ಆಟ. ಒಂದು ಕಾರ್ಯಾಚರಣೆಗೆ ಹೆಚ್ಚೆಂದರೆ ಆರು ಸೈನಿಕರು, ಒಬ್ಬೊಬ್ಬರಿಗೂ ಒಂದು ಸರದಿಯಲ್ಲಿ ಎರಡು ಕೆಲಸ. ಒಂದು ಗುಂಡಿ ಒತ್ತಿದರೆ ಮುಂದಿನ ಸೈನಿಕ, ಇನ್ನೊಂದು ಒತ್ತಿದರೆ ಗುರಿ, ಮತ್ತೊಂದಕ್ಕೆ ಕ್ಯಾಮೆರಾ ತಿರುಗುತ್ತದೆ. ಕರ್ಸರ್ ಚೌಕದಿಂದ ಚೌಕಕ್ಕೆ ತಾನಾಗಿ ಅಂಟಿಕೊಳ್ಳುವುದರಿಂದ ಗೋಡೆಯ ಮರೆಗೆ ಕಳಿಸಬೇಕಾದವನನ್ನು ಬಯಲಿಗೆ ಕಳಿಸುವ ಭಯ ಕಡಿಮೆ. ಗುಂಡು ತಾಗುವ ಸಾಧ್ಯತೆ ಶೇ. 65 ಎಂದು ಪರದೆ ಮೇಲೆ ದೊಡ್ಡದಾಗಿ ಬರೆದು ಬಂದಾಗ, ಆ ದೊಡ್ಡ ಟಿವಿಯ ಮುಂದೆ ಉಸಿರು ಬಿಗಿಹಿಡಿದು ಕೂರುವುದರ ಮಜವೇ ಬೇರೆ. ಪಕ್ಕದಲ್ಲಿ ಕೂತವರೂ 'ಬೇಡ, ಹಿಂದೆ ಸರಿ' ಅಂತ ಸಲಹೆ ಕೊಡಬಹುದು. ಲ್ಯಾಪ್‌ಟಾಪ್ ಮುಂದೆ ಅಂಥ ಸಂಸಾರ ಕೂಡುವುದಿಲ್ಲ.

ಇನ್ನು ಒಂದು ನಾಗರಿಕತೆಯನ್ನು ಸರದಿಯಿಂದ ಸರದಿಗೆ ಬೆಳೆಸುವ ಸಿವಿಲೈಸೇಷನ್ 6. ಇದನ್ನು ಮೂರು ಕಡೆಯೂ ಆಡಿದ್ದೇನೆ, ಹಾಗಾಗಿ ಹೇಳುವುದಕ್ಕೆ ಜಾಸ್ತಿ ಇದೆ. ಕಂಪ್ಯೂಟರ್‌ಗೆ 2016ರಲ್ಲಿ, ಸ್ವಿಚ್‌ಗೆ 2018ರಲ್ಲಿ, ಎಕ್ಸ್‌ಬಾಕ್ಸ್ ಮತ್ತು ಪ್ಲೇಸ್ಟೇಷನ್‌ಗೆ 2019ರಲ್ಲಿ ಬಂತು. ಆಟ ಅದೇ, ನಿಯಮ ಅವೇ. ಮೊದಲ ನೂರು ಸರದಿಗಳಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎರಡು ಊರು, ನಾಲ್ಕು ಕೆಲಸಗಾರರು, ಒಂದಿಷ್ಟು ಬಿಲ್ಲುಗಾರರು ಇರುವಾಗ ಕಂಟ್ರೋಲರ್ ತಾನಾಗಿಯೇ ಮುಂದಿನ ಕೆಲಸಕ್ಕೆ ನಮ್ಮನ್ನು ಕರೆದೊಯ್ಯುತ್ತದೆ.

ತೊಡಕು ಶುರುವಾಗುವುದು ಊರು ಬೆಳೆದಾಗ. ಸಿವಿಲೈಸೇಷನ್ 6ರಲ್ಲಿ ವಿದ್ಯಾಕೇಂದ್ರವನ್ನು ಬೆಟ್ಟದ ಪಕ್ಕ ಕಟ್ಟಿದರೆ ಹೆಚ್ಚು ಲಾಭ, ಬಂದರನ್ನು ಊರಿನ ಮಗ್ಗುಲಲ್ಲೇ ಕಟ್ಟಿದರೆ ಇನ್ನೊಂದು ಲಾಭ. ಭೂಪಟವೆಲ್ಲ ಷಟ್ಕೋನದ ಮನೆಗಳು, ಇಂಥ ಲೆಕ್ಕ ಪ್ರತಿ ಷಟ್ಕೋನಕ್ಕೂ ಇದೆ. ಕಂಪ್ಯೂಟರ್‌ನಲ್ಲಿ ಮೌಸನ್ನು ಹಾಗೇ ಆಡಿಸುತ್ತಾ ಹೋದರೆ ಆರೇಳು ಜಾಗಗಳ ಲೆಕ್ಕ ಕಣ್ಣಿಗೆ ಬಿದ್ದುಬಿಡುತ್ತದೆ, ಒಂದು ಕ್ಲಿಕ್ ಕೂಡ ಬೇಕಿಲ್ಲ. ಕಂಟ್ರೋಲರ್‌ನಲ್ಲಿ ಒಂದೊಂದೇ ಷಟ್ಕೋನಕ್ಕೆ ನಡೆದು ಹೋಗಿ ನಿಲ್ಲಬೇಕು. ಎಲ್ಲ ಮಾಹಿತಿಯೂ ಅಲ್ಲೇ ಇದೆ. ಆದರೆ ನೋಡುವುದಕ್ಕೆ ಶ್ರಮ ಬೇಕಾದಾಗ ಮನುಷ್ಯ ಕಡಿಮೆ ನೋಡುತ್ತಾನೆ. ಟಿವಿಯಲ್ಲಿ ಆಡುವಾಗ ನಾನು ಮೊದಲು ಸಿಕ್ಕ ಒಳ್ಳೆಯ ಜಾಗವನ್ನೇ ಆರಿಸುತ್ತೇನೆ. ಮೌಸ್ ಇದ್ದಾಗ ಎಲ್ಲಕ್ಕಿಂತ ಒಳ್ಳೆಯ ಜಾಗ ಹುಡುಕುತ್ತೇನೆ. ಕಷ್ಟದ ಮಟ್ಟ ಏರಿಸಿ ಆಡುವವರಿಗೆ ಇದು ಸಣ್ಣ ಸಂಗತಿಯಲ್ಲ.

ಸ್ವಿಚ್ ಇಲ್ಲಿ ನಡುವೆ ನಿಲ್ಲುತ್ತದೆ. ಕೈಯಲ್ಲಿ ಹಿಡಿದಾಗ ಪರದೆಯನ್ನು ಬೆರಳಿನಿಂದ ಮುಟ್ಟಿ ಆಡಬಹುದು, ಅದು ಮೌಸಿಗೆ ಹತ್ತಿರ. ಆದರೆ ಮೂಲ ಸ್ವಿಚ್‌ನ ಪರದೆ 6.2 ಇಂಚು, ಅಕ್ಷರ ಸಣ್ಣವು. ದೊಡ್ಡ ಭೂಪಟ ಹಾಕಿಕೊಂಡರೆ ಆಟದ ಕೊನೆಯ ಭಾಗದಲ್ಲಿ ಎದುರಾಳಿಗಳ ಸರದಿ ಮುಗಿಯಲು ಕಾಯಬೇಕು. ಸ್ವಿಚ್‌ನಲ್ಲಿ ಆಡುವವರಿಗೆ ನನ್ನ ಸಲಹೆ: ಸಣ್ಣ ಭೂಪಟ, ಕಡಿಮೆ ಎದುರಾಳಿಗಳು. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಆಡಿದ ಆಟವನ್ನು ಉಳಿಸಿ ಸ್ವಿಚ್‌ನಲ್ಲಿ ಮುಂದುವರಿಸುವ ಸೌಲಭ್ಯವೂ ಇದೆ. ಯೋಜನೆ ಹಾಕುವ ಸರದಿಗಳನ್ನು ಮೇಜಿನ ಮುಂದೆ ಆಡಿ, 'ಮುಂದಿನ ಸರದಿ' ಒತ್ತುತ್ತಾ ಹೋಗುವ ಶಾಂತಿಕಾಲವನ್ನು ಪ್ರಯಾಣದಲ್ಲಿ ಕಳೆಯುವುದು ನನಗೆ ತುಂಬ ಹಿಡಿಸಿದ ಕ್ರಮ.

ಕಾಯದ ಆಟಗಳ ಕಥೆಯೇ ಬೇರೆ, ಅಲ್ಲಿ ಸರದಿಯಿಲ್ಲ, ಎಲ್ಲರೂ ಒಟ್ಟಿಗೇ ಆಡುತ್ತಿರುತ್ತಾರೆ. ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ಸೈಬರ್ ಕೆಫೆಗಳಲ್ಲಿ ಏಜ್ ಆಫ್ ಎಂಪೈರ್ಸ್ 2 ಆಡಿದವರ ಬೆರಳುಗಳಿಗೆ ಕೀಲಿಗಳು ಇನ್ನೂ ನೆನಪಿರುತ್ತವೆ. ಎಚ್ ಒತ್ತಿದರೆ ಊರಿನ ಮುಖ್ಯ ಕಟ್ಟಡವಾದ ಟೌನ್ ಸೆಂಟರ್, ಕಂಟ್ರೋಲ್ ಜೊತೆ ಅಂಕಿ ಒತ್ತಿದರೆ ಒಂದು ದಳ. ಎಲ್ಲಕ್ಕಿಂತ ಮುಖ್ಯ ಮೂಲೆಯ ಪುಟ್ಟ ಭೂಪಟ: ಕೆಂಪು ಚುಕ್ಕೆ ಕಂಡ ಕಡೆ ಒಂದು ಕ್ಲಿಕ್, ಮರುಕ್ಷಣ ಅಲ್ಲಿರುತ್ತೇವೆ. 1999ರ ಈ ಆಟದ ಹೊಸ ಆವೃತ್ತಿ 2023ರ ಜನವರಿಯಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದಾಗ ನಾನು ಕಾತರದಿಂದ ಕೈಗೆತ್ತಿಕೊಂಡದ್ದು ಇದೇ ಕಾರಣಕ್ಕೆ. ಈ ಮೂರೂ ಇಲ್ಲದೆ ಇದು ಹೇಗೆ ನಡೆಯುತ್ತದೆ?

ನಡೆಯುತ್ತದೆ, ಏಕೆಂದರೆ ಕೈಯಿಂದ ಆಗದ ಕೆಲಸವನ್ನು ಆಟ ತಾನೇ ಹೊತ್ತುಕೊಂಡಿದೆ. ಕಂಟ್ರೋಲರ್‌ನಲ್ಲಿ ಆಡುವಾಗ ಆಹಾರಕ್ಕೆ ಹೆಚ್ಚು ಜನ ಬೇಕೋ, ಚಿನ್ನಕ್ಕೋ, ಎಲ್ಲಕ್ಕೂ ಸಮವಾಗಿಯೋ ಎಂದು ಹೇಳಿಬಿಟ್ಟರೆ ಹಳ್ಳಿಗರು ತಾವಾಗಿಯೇ ಹಂಚಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಕಂಪ್ಯೂಟರ್‌ನಲ್ಲಿ ಆಡುವವರ ಅರ್ಧ ಗಮನವನ್ನು ತಿನ್ನುವುದೇ ಈ ಕೆಲಸ: ಐವತ್ತು ಆಹಾರ ಕೊಟ್ಟು ಒಬ್ಬ ಹಳ್ಳಿಗನನ್ನು ತಯಾರಿಸು, ಅವನನ್ನು ಮರದ ಹತ್ತಿರ ಕಳಿಸು, ಮುಗಿಯುವ ಮೊದಲು ಇನ್ನೊಬ್ಬನಿಗೆ ಹೇಳು. ಆ ಭಾರ ಇಳಿದ ಮೇಲೆ ಕಣ್ಣು ಯುದ್ಧಭೂಮಿಯ ಮೇಲೆಯೇ ಇರುತ್ತದೆ. ಯಾವ ಯುಗಕ್ಕೆ ಯಾವಾಗ ಏರಬೇಕು, ಎಲ್ಲಿ ಕೋಟೆ ಕಟ್ಟಬೇಕು ಎಂಬ ದೊಡ್ಡ ಯೋಚನೆಗೆ ಜಾಗ ಸಿಗುತ್ತದೆ. ಹಳಬರಿಗೆ ಇದು ಮೋಸದ ಹಾಗೆ ಕಾಣಬಹುದು. ನನಗೆ ಹಾಗನ್ನಿಸಲಿಲ್ಲ, ಬೆರಳಿನ ವೇಗ ಒಂದು ಕೌಶಲ, ತಂತ್ರ ಇನ್ನೊಂದು ಕೌಶಲ, ಇಲ್ಲಿ ಎರಡನೆಯದಕ್ಕೇ ಬೆಲೆ.

ಆದರೂ ಒಂದು ಕಡೆ ಸೋಲುತ್ತೇವೆ. ಶತ್ರುವಿನ ಕವಣೆಯಂತ್ರ ಕಲ್ಲು ಎಸೆದಾಗ ಬಿಲ್ಲುಗಾರರ ಗುಂಪನ್ನು ಎರಡಾಗಿ ಒಡೆದು ಎಡಕ್ಕೂ ಬಲಕ್ಕೂ ಓಡಿಸಬೇಕು. ಮೌಸಿನಲ್ಲಿ ಅರ್ಧ ಗುಂಪಿನ ಸುತ್ತ ಚೌಕ ಎಳೆದು ಕ್ಲಿಕ್ ಮಾಡಿದರಾಯಿತು. ಕಂಟ್ರೋಲರ್‌ನಲ್ಲಿ ಅಷ್ಟರೊಳಗೆ ಕಲ್ಲು ಬಿದ್ದಾಗಿರುತ್ತದೆ. ಹಾಗಾಗಿ ಟಿವಿ ಮುಂದೆ ನಾನು ಆರಿಸುವ ಪಡೆಯೇ ಬೇರೆಯಾಗಿದೆ. ಈ ಆಟಕ್ಕೆ 2022ರಲ್ಲಿ ಸೇರಿದ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಹೆಚ್ಚುವರಿ ಭಾಗದಲ್ಲಿ ಬಂದ ದ್ರಾವಿಡರು ಕಾಲಾಳು ಮತ್ತು ನೌಕೆಗಳಲ್ಲಿ ಬಲಿಷ್ಠರು, ಕುದುರೆ ಪಡೆಯಲ್ಲಿ ಬಡವರು. ಹೊಸ ಯುಗಕ್ಕೆ ಕಾಲಿಟ್ಟಾಗಲೆಲ್ಲ ಅವರಿಗೆ 200 ಮರ ಉಚಿತ. ಒಂದೇ ದೊಡ್ಡ ಗುಂಪಾಗಿ ಮುಂದೆ ಸಾಗುವ ಕಾಲಾಳು ಪಡೆ ಕಂಟ್ರೋಲರ್‌ಗೆ ಹೇಳಿಮಾಡಿಸಿದ್ದು. ಓಡಿಹೋಗಿ ಹೊಡೆದು ಮತ್ತೆ ಓಡಿಬರುವ ಕುದುರೆ ಬಿಲ್ಲುಗಾರರ ಮಂಗೋಲರನ್ನು ಮಾತ್ರ ಲ್ಯಾಪ್‌ಟಾಪಿಗೇ ಬಿಡುತ್ತೇನೆ.

ಕನ್ಸೋಲ್‌ಗೆಂದೇ ಹುಟ್ಟಿದ ಆಟ ಹೇಗಿರುತ್ತದೆ ಎಂದು ನೋಡಬೇಕಾದರೆ ಹೇಲೊ ವಾರ್ಸ್ ಆಡಬೇಕು. ಏಜ್ ಆಫ್ ಎಂಪೈರ್ಸ್ ಮಾಡಿದ್ದ ಎನ್ಸೆಂಬಲ್ ಸ್ಟುಡಿಯೋಸ್‌ನ ಕೊನೆಯ ಆಟ ಅದು, 2009ರಲ್ಲಿ ಬಂತು. ಮನಬಂದ ಕಡೆ ಕಟ್ಟಡ ಕಟ್ಟುವ ಹಾಗಿಲ್ಲ. ನೆಲೆಯ ಸುತ್ತ ನಿಗದಿಯಾದ ಜಾಗಗಳಿವೆ, ಗುಂಡಿ ಒತ್ತಿದರೆ ವೃತ್ತಾಕಾರದ ಪಟ್ಟಿ ತೆರೆದು ಅದರಲ್ಲೇ ಆರಿಸಬೇಕು. ಒಂದು ಗುಂಡಿಗೆ ಇಡೀ ಸೈನ್ಯ, ಇನ್ನೊಂದಕ್ಕೆ ಪರದೆಯಲ್ಲಿ ಕಾಣುವವರಷ್ಟೇ. ಎಲ್ಲೂ ಕೈ ತಡವರಿಸುವುದಿಲ್ಲ. ಆದರೆ ಇದೇ ಆಟ ಮುಂದೆ ಕಂಪ್ಯೂಟರ್‌ಗೂ ಬಂತು, ಅಲ್ಲಿ ಮೌಸ್ ಹಿಡಿದು ಆಡಿದಾಗ ಆಟ ತೆಳುವೆನಿಸಿತು. ಕಂಟ್ರೋಲರ್‌ನಲ್ಲಿ ಹಿತವಾಗಿದ್ದ ಸರಳತೆ, ಕೈ ಬಿಡುವಾದ ಕೂಡಲೇ ಕೊರತೆಯಾಗಿ ಕಾಣತೊಡಗಿತು.

ಮಧ್ಯಯುಗದ ರಾಜವಂಶವನ್ನು ನಡೆಸುವ ಕ್ರುಸೇಡರ್ ಕಿಂಗ್ಸ್ 3ರ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ಗಡಿಯಾರವನ್ನು ಬೇಕಾದಾಗ ನಿಲ್ಲಿಸಬಹುದಾದ್ದರಿಂದ ವೇಗದ ತೊಂದರೆ ಅದಕ್ಕಿಲ್ಲ. ಇರುವುದು ಓದಿನ ತೊಂದರೆ. ಒಂದು ಪದದ ಮೇಲೆ ನಿಂತರೆ ವಿವರಣೆ, ಆ ವಿವರಣೆಯೊಳಗಿನ ಪದಕ್ಕೆ ಮತ್ತೊಂದು ವಿವರಣೆ, ಹೀಗೆ ಒಳಗೊಳಗೆ ಇಳಿಯುವುದೇ ಆ ಆಟದ ಸೊಗಸು. 2022ರ ಕನ್ಸೋಲ್ ಆವೃತ್ತಿಯಲ್ಲೂ ಇದೆಲ್ಲ ಇದೆ, ಆದರೆ ಎಂಟು ಅಡಿ ದೂರದಿಂದ ಮೂರು ತಲೆಮಾರಿನ ಸಂಬಂಧ ಓದುತ್ತಾ ಕೂರಲು ನನಗಂತೂ ಆಗಲಿಲ್ಲ. ಜೊತೆಗೆ ಕಂಪ್ಯೂಟರ್ ಆವೃತ್ತಿಗೆ ಆಟಗಾರರೇ ಮಾಡಿದ ಮಾಡ್‌ಗಳ, ಅಂದರೆ ಆಟವನ್ನು ಬದಲಿಸುವ ಸೇರ್ಪಡೆಗಳ, ರಾಶಿಯೇ ಇದೆ. ಸಿಟೀಸ್: ಸ್ಕೈಲೈನ್ಸ್ ವಿಷಯದಲ್ಲೂ ಇದೇ ಮಾತು: ಊರು ಕಟ್ಟುವುದು ಕನ್ಸೋಲ್‌ನಲ್ಲಿ ಚೆನ್ನಾಗಿಯೇ ಸಾಗುತ್ತದೆ, ಮಾಡ್‌ಗಳ ರುಚಿ ಹತ್ತಿದವರು ಮಾತ್ರ ವಾಪಸ್ ಬರುವುದಿಲ್ಲ.

ಮನೆಯಲ್ಲಿ ಕನ್ಸೋಲ್ ಮಾತ್ರ ಇದೆ, ಎಲ್ಲಿಂದ ಶುರುಮಾಡಲಿ ಎಂದು ಕೇಳಿದರೆ ಎನಿಮಿ ಅನ್‌ನೋನ್‌ನ ಮುಂದಿನ ಭಾಗವಾದ ಎಕ್ಸ್‌ಕಾಮ್ 2 ಅನ್ನುತ್ತೇನೆ. ಆಮೇಲೆ ಸಿವಿಲೈಸೇಷನ್ 6, ಸಣ್ಣ ಭೂಪಟದಲ್ಲಿ. ಅದು ಕೈಗೆ ಹತ್ತಿದ ಮೇಲೆ ಏಜ್ ಆಫ್ ಎಂಪೈರ್ಸ್ 2, ದ್ರಾವಿಡರ ಪಡೆ ಕಟ್ಟಿಕೊಂಡು, ಮೊದಲು ಆಟವೇ ನಡೆಸುವ ಎದುರಾಳಿಗಳ ಜೊತೆ. ಆನ್‌ಲೈನ್‌ನಲ್ಲಿ ಮೌಸ್ ಹಿಡಿದವರನ್ನು ಎದುರಿಸುವ ಆಸೆ ಬಂದರೆ ಎಕ್ಸ್‌ಬಾಕ್ಸ್‌ನ ಯುಎಸ್‌ಬಿ ಕಿಂಡಿಗೆ ಕೀಬೋರ್ಡ್, ಮೌಸ್ ಚುಚ್ಚಿ. ಈ ಆಟ ಅವನ್ನೂ ಒಪ್ಪುತ್ತದೆ. ಆಗ ಸೋಫಾ ಬಿಟ್ಟು ಒಂದು ಗಟ್ಟಿ ಮೇಜನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಳ್ಳಬೇಕಾಗುತ್ತದೆ.