ಮಿದುಳಿಗೆ ಪೆಟ್ಟಾದವರಿಗೆ ಖಾಸಗಿ ಕೇಸ್ ಮ್ಯಾನೇಜರ್: ಮುಂಗಡ ಕೊಡುವ ಮುನ್ನ ಓದಿ

ಅಪಘಾತದಲ್ಲಿ ಅಣ್ಣನ ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿತ್ತು. ಫಿಸಿಯೋಥೆರಪಿ, ಸ್ಪೀಚ್ ಥೆರಪಿ, ನರರೋಗ ತಜ್ಞರ ಭೇಟಿ, ವಿಮೆಯ ಕಾಗದಪತ್ರ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳಲಿ ಎಂದು ಖಾಸಗಿ ಕೇಸ್ ಮ್ಯಾನೇಜರ್ ಒಬ್ಬರನ್ನು ಗೊತ್ತುಮಾಡಿದೆವು. ಮಾತು ನಯ, ಫೈಲು ಅಚ್ಚುಕಟ್ಟು.

ಅವರ ಮೇಲ್ವಿಚಾರಣೆ ಎಂದರೆ ಆಗಾಗ ಅಣ್ಣನಿಗೇ ಫೋನ್ ಮಾಡುವುದು. ಮಾತ್ರೆ ತೆಗೆದುಕೊಂಡಿರಾ, ವ್ಯಾಯಾಮ ಮಾಡಿದಿರಾ? ‘ಓ, ತಪ್ಪದೆ’ ಎನ್ನುತ್ತಿದ್ದ ಅಣ್ಣ. ವರದಿಯಲ್ಲಿ ‘ಉತ್ತಮ ಪ್ರಗತಿ’ ಎಂದು ಬರುತ್ತಿತ್ತು. ಒಂದು ದಿನ ಅವನ ಮೇಜಿನ ಡ್ರಾಯರ್ ಎಳೆದರೆ ಫಿಟ್ಸ್ ಮಾತ್ರೆಯ ಸ್ಟ್ರಿಪ್‌ಗಳು ಒಂದೂ ಒಡೆಯದೆ ಹಾಗೇ ಬಿದ್ದಿದ್ದವು. ಆ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸುವ ಅಪಾಯವಿದೆ.

ಅಣ್ಣ ಸುಳ್ಳು ಹೇಳಿದ್ದಲ್ಲ. ಇಂಥ ಪೆಟ್ಟಾದಾಗ ಕೆಲವರಲ್ಲಿ ನೆನಪಿನ ತೆರವುಗಳನ್ನು ಮಿದುಳೇ ಕಲ್ಪಿತ ಸಂಗತಿಗಳಿಂದ ತುಂಬಿಬಿಡುತ್ತದೆ. ತನ್ನಲ್ಲಿ ಕೊರತೆಯಿದೆ ಎಂಬ ಅರಿವೂ ಇರುವುದಿಲ್ಲ. ಎದುರು ಕುಳಿತು ಸೊಗಸಾಗಿ ಮಾತನಾಡಿದವರೇ ಎದ್ದು ಹೋಗಿ ಒಲೆ ಆರಿಸಲು ಮರೆಯುತ್ತಾರೆ. ಈ ಕೆಲಸಕ್ಕೆ ಇಳಿದವರಿಗೆ ಇದು ಅ ಆ ಇ ಈ. ನಮ್ಮ ಮ್ಯಾನೇಜರ್‌ಗೆ ಇದನ್ನು ಹೇಳಿದರೆ, ‘ರೋಗಿಯ ಮಾತನ್ನು ಗೌರವಿಸಬೇಕಲ್ಲವೇ?’ ಎಂದು ನಮಗೇ ಪಾಠ! ಗೌರವಿಸೋಣ, ಆದರೆ ಮನೆಯವರನ್ನೂ ಕೇಳಿ ತಾಳೆ ನೋಡಲು ಏನಡ್ಡಿ?

ಬಿಲ್ಲಿನಲ್ಲಿ ಮಾತ್ರ ಮರೆವಿರಲಿಲ್ಲ. ಫೋನ್ ಕರೆ, ಇಮೇಲ್, ಪ್ರಯಾಣದ ಹೊತ್ತು, ಎಲ್ಲಕ್ಕೂ ಗಂಟೆಯ ಲೆಕ್ಕ. ಅಣ್ಣ ಹೊಂದಿಕೊಂಡಿದ್ದ ಥೆರಪಿಸ್ಟ್‌ರನ್ನು ಬಿಡಿಸಿ ಬೇರೊಂದು ಕೇಂದ್ರಕ್ಕೆ ಸೇರಿಸಿದರು. ಅಲ್ಲಿಂದ ಅವರಿಗೆ ಕಮಿಷನ್ ಹೋಗುತ್ತಿತ್ತೆಂದು ಆ ಕೇಂದ್ರದವರ ಬಾಯಲ್ಲೇ ಗೊತ್ತಾಯಿತು.

ಹೀಗಾಗಿ ಯಾರನ್ನಾದರೂ ನೇಮಿಸುವ ಮುನ್ನ ಅವರ ವಿದ್ಯಾರ್ಹತೆ ಕೇಳಿ. ಅದಕ್ಕಿಂತ ಮುಖ್ಯವಾಗಿ, ಮಿದುಳಿನ ಪೆಟ್ಟಿನವರೊಂದಿಗೆ ಎಷ್ಟು ಕಾಲ ಕೆಲಸ ಮಾಡಿದ್ದಾರೆ ಎಂದು ಕೇಳಿ. ವೃದ್ಧರ ಆರೈಕೆಯ ಅನುಭವ ಇದಕ್ಕೆ ಸಾಲದು. ‘ನಾನು ಚೆನ್ನಾಗಿದ್ದೇನೆ ಎಂದು ರೋಗಿ ಹೇಳಿದರೆ ಹೇಗೆ ಪರೀಕ್ಷಿಸುತ್ತೀರಿ?’ ಎಂಬ ಒಂದು ಪ್ರಶ್ನೆಗೆ ತಡವರಿಸಿದರೆ ಅಲ್ಲಿಗೇ ಬಿಡಿ. ಯಾವುದಕ್ಕೆ ಶುಲ್ಕ, ತಿಂಗಳಿಗೆ ಗರಿಷ್ಠ ಎಷ್ಟು, ಕಮಿಷನ್ ಪಡೆಯುತ್ತಾರೆಯೇ ಎಂಬುದೆಲ್ಲ ಬರಹದಲ್ಲಿರಲಿ.

ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್‌ಗಳ ಮೂಲಪ್ರತಿಯನ್ನಂತೂ ಕೊಡಲೇಬೇಡಿ, ನಕಲು ಸಾಕು. ಕೊನೆಯ ಬಿಲ್ ಚುಕ್ತಾ ಆಗುವವರೆಗೆ ನಮ್ಮ ಫೈಲ್ ಅವರ ಕಪಾಟಿನಲ್ಲೇ ಇತ್ತು. ಹೊಸ ವೈದ್ಯರ ಮುಂದೆ ನಾವು ಬರಿಗೈಯಲ್ಲಿ ಕುಳಿತಿದ್ದೆವು.